ಶಿವರಾತ್ರಿ ಕಳೆದರೂ ಹೋಗದ ಚಳಿ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತೆ. ಈ ಮಾತು ಕೇಳದ ಕನ್ನಡದ ಮನೆ ಅಪರೂಪ. ಬಯಲುಸೀಮೆಯಲ್ಲಿ ಆ ಹೊತ್ತಿಗೆ ಕಣದ ಕೆಲಸ ಮುಗಿದಿರುತ್ತದೆ, ಮಾವು ಹೂ ಬಿಟ್ಟಿರುತ್ತದೆ, ಮಧ್ಯಾಹ್ನದ ಬಿಸಿಲು ಚುರುಗುಟ್ಟತೊಡಗುತ್ತದೆ. ಅಲ್ಲಿ ಗಾದೆ ಅಕ್ಷರಶಃ ನಿಜ.

ಹೆಲ್ಸಿಂಕಿಯಲ್ಲಿ ಸಂಸಾರ ಹೂಡಿದವರಿಗೆ ಈ ಮಾತು ಪ್ರತಿ ವರ್ಷ ಊರಿನಿಂದ ಅಮ್ಮನ ಫೋನಿನಲ್ಲಿ ಬರುತ್ತದೆ: “ಶಿವರಾತ್ರಿ ಆಯ್ತಲ್ಲ ಮಗಾ, ಅಲ್ಲೂ ಚಳಿ ಕಮ್ಮಿ ಆಗಿರಬೇಕು.” ಅಮ್ಮನಿಗೆ ಏನೆಂದು ಹೇಳುವುದು? ಅಲ್ಲಿ ಫೆಬ್ರವರಿಯೆಂದರೆ ವರ್ಷದಲ್ಲೇ ಅತಿ ಹೆಚ್ಚು ಕೊರೆಯುವ ತಿಂಗಳು. ಬಾಲ್ಟಿಕ್ ಸಮುದ್ರದ ಮೇಲೆ ಮಂಜುಗಡ್ಡೆ ಅತಿ ಹೆಚ್ಚು ಹರಡುವುದೇ ಸಾಮಾನ್ಯವಾಗಿ ಫೆಬ್ರವರಿ ಕೊನೆ, ಮಾರ್ಚ್ ಮೊದಲಿನಲ್ಲಿ. ಬೆಳಿಗ್ಗೆ ಮಗುವಿಗೆ ಒಳಗಿನ ಬಟ್ಟೆ, ಅದರ ಮೇಲೆ ಉಣ್ಣೆ, ಅದರ ಮೇಲೆ ದಪ್ಪನೆಯ ಓವರಾಲ್, ಟೋಪಿ, ಕೈಗವಸು ಎಲ್ಲ ತೊಡಿಸಿ ಜಿಪ್ ಎಳೆಯುವಷ್ಟರಲ್ಲಿ ಅದಕ್ಕೆ ಉಚ್ಚೆ ಬಂದಿರುತ್ತದೆ. ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ. ಡೇಕೇರಿನಲ್ಲಿ ಹಿಮ ಬಿದ್ದಿದ್ದರೂ ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ. ಊರಿನ ಅಜ್ಜಿಗೆ ಇದನ್ನು ನಂಬಿಸುವುದು ಕಷ್ಟ. ಮನೆಯೊಳಗೆ ಇಪ್ಪತ್ತೊಂದು ಡಿಗ್ರಿ ಇದ್ದರೂ ದೋಸೆಹಿಟ್ಟು ಉಬ್ಬುವುದಿಲ್ಲ. ಒಳಗಿನ ದೀಪವನ್ನಷ್ಟೇ ಹಚ್ಚಿದ ಓವನ್ನಿನಲ್ಲಿ ರಾತ್ರಿಯಿಡೀ ಇಡಬೇಕು. ಹೆಪ್ಪು ಹಾಕಿದ ಪಾತ್ರೆಗೆ ಟವೆಲ್ ಸುತ್ತಬೇಕು. ಕೊಬ್ಬರಿ ಎಣ್ಣೆಯನ್ನು ಚಮಚದಲ್ಲಿ ಕೆರೆದು ತೆಗೆಯಬೇಕು.

ಹಾಗಾದರೆ ಗಾದೆ ಊರಲ್ಲೇ ಉಳಿಯಬೇಕಾದ ಮಾತೇ? ನನಗೆ ಹಾಗನ್ನಿಸುವುದಿಲ್ಲ. ಅದನ್ನು ಹವಾಮಾನದ ವರದಿಯೆಂದು ಓದಿದರೆ ಮಾತ್ರ ಸುಳ್ಳಾಗುತ್ತದೆ. ಒಂದು ಕಂಬಳಿಯಲ್ಲಿ ಮೂವರು ಮಕ್ಕಳನ್ನು ಮುದುರಿಸಿ ಮಲಗಿಸಿದ ತಾಯಂದಿರು ಕಷ್ಟಕ್ಕೊಂದು ಗಡುವು ಹಾಕಿ ಆಡಿದ ಮಾತು ಅದು. ಇಂಥ ದಿನದವರೆಗೆ ತಡೆದುಕೊಳ್ಳಿ ಎಂದರೆ ತಡೆದುಕೊಳ್ಳುವ ಬಲ ಬರುತ್ತದೆ. ಚಳಿಯನ್ನು ಯಾರೂ ಓಡಿಸುವುದಿಲ್ಲ ಎಂಬುದೂ ಅದರಲ್ಲಿದೆ; ದೇವರ ಹೆಸರು ಹೇಳಿಕೊಂಡು ಅದು ತಾನಾಗಿ ಹೋಗುತ್ತದೆ.

ಹೆಲ್ಸಿಂಕಿಯ ಮನೆಯನ್ನು ಕಾಡುವುದು ಚಳಿಯಲ್ಲ. ಚಳಿ ಮೂರು ಪದರದ ಗಾಜಿನಾಚೆ ನಿಲ್ಲುತ್ತದೆ. ಒಳಕ್ಕೆ ನುಗ್ಗುವುದು ಕತ್ತಲೆ. ಡಿಸೆಂಬರ್ ಕೊನೆಗೆ ಹಗಲು 6 ಗಂಟೆಗಿಂತ ಕಡಿಮೆ; ಬೆಂಗಳೂರಿನಲ್ಲಿ ಆಗಲೂ 11 ಗಂಟೆ ದಾಟಿರುತ್ತದೆ. ಕತ್ತಲಲ್ಲಿ ಮಗುವನ್ನು ಬಿಟ್ಟು, ಕತ್ತಲಲ್ಲೇ ಕರೆತರುವುದು. ಬೆಳಕು ಮರಳಿಸುವ ಪಟ್ಟಿ ಕೋಟಿಗೆ ತೂಗುಹಾಕದೆ ರಸ್ತೆಗೆ ಇಳಿಯುವಂತಿಲ್ಲ. ಚಿಕ್ಕ ಮಕ್ಕಳಿಗೆ ದಿನವೂ ವಿಟಮಿನ್ ಡಿ ಹನಿ. ಗಂಡ ಹೆಂಡಿರ ಮಾತು ಚಿಕ್ಕದಕ್ಕೂ ಸಿಡುಕಾಗುವ ತಿಂಗಳುಗಳಿವು. ಆಗ ಯಾರನ್ನೂ ದೂರದೆ, ಇದು ಕತ್ತಲೆಯ ಕೆಲಸ ಎಂದು ಇಬ್ಬರೂ ಒಪ್ಪಿಕೊಂಡರೆ ಅರ್ಧ ಜಗಳ ಇಳಿದಂತೆ.

ಚಳಿಯ ಜಾಗದಲ್ಲಿ ಕತ್ತಲೆಯನ್ನಿಟ್ಟು ನೋಡಿ, ಗಾದೆ ಮತ್ತೆ ನಿಜವಾಗುತ್ತದೆ. 2026ರ ಶಿವರಾತ್ರಿ ಫೆಬ್ರವರಿ 15. ಅಂದು ಹೆಲ್ಸಿಂಕಿಯ ಹಗಲು 9 ಗಂಟೆ ದಾಟಿರುತ್ತದೆ, ದಿನಕ್ಕೆ 5 ನಿಮಿಷಕ್ಕಿಂತ ಹೆಚ್ಚು ಬೆಳೆಯುತ್ತಿರುತ್ತದೆ. ಬಿದ್ದ ಬಿಸಿಲಿನ ಬಹುಪಾಲನ್ನು ಹಿಮ ಹಿಂದಕ್ಕೆ ಎಸೆಯುತ್ತದೆ, ಸಮುದ್ರ ಹೆಪ್ಪುಗಟ್ಟಿರುತ್ತದೆ. ಆದ್ದರಿಂದ ಬೆಳಕು ಮೊದಲು ಬರುತ್ತದೆ, ಬಿಸಿ ವಾರಗಟ್ಟಲೆ ತಡವಾಗಿ. ಶಾಲೆಗಳಿಗೆ ಸ್ಕೀಯಿಂಗ್ ರಜೆ ಕೊಡುವುದೂ ಈ ಬೆಳಕಿನ ಬೆನ್ನಿಗೇ. ಮಕ್ಕಳು ಜಾರುಬಂಡಿ ಹಿಡಿದು ದಿಬ್ಬ ಹತ್ತುವಾಗ ಕಣ್ಣು ಕುಕ್ಕುವಷ್ಟು ಬಿಸಿಲಿರುತ್ತದೆ.

ಅಲ್ಲಿ ಹುಟ್ಟಿದ ಮಕ್ಕಳಿಗೆ ಗಾದೆಯನ್ನು ಹೇಳಲೇಬೇಕು, ಜೊತೆಗೆ ಲೆಕ್ಕವನ್ನೂ ತೋರಿಸಬೇಕು: ಗೋಡೆಯ ಮೇಲೆ ಕ್ಯಾಲೆಂಡರ್, ಅದರಲ್ಲಿ ಸೂರ್ಯ ಹುಟ್ಟುವ, ಮುಳುಗುವ ಹೊತ್ತು. 2026ರ ಯುಗಾದಿ ಮಾರ್ಚ್ 19ಕ್ಕೆ, ಹಗಲು ರಾತ್ರಿ ಸಮವಾಗುವ ವಿಷುವ ಮರುದಿನ. ಆ ಹೊತ್ತಿಗೆ ಮೊಮ್ಮಕ್ಕಳ ಹಗಲೂ ಅಜ್ಜಿಯ ಹಗಲೂ ಹೆಚ್ಚುಕಡಿಮೆ ಒಂದೇ ಉದ್ದ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಮೊಮ್ಮಕ್ಕಳದ್ದೇ ಉದ್ದ.