ಸೋಲನ್ನು ಯಾರ ಹೆಸರಿಗೆ ಬರೆಯೋಣ?

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಒಬ್ಬ ಕ್ಯಾಪ್ಟನ್ ಒಳ್ಳೆಯವನೋ ಅಲ್ಲವೋ ಅಂತ ಹೇಗೆ ಹೇಳ್ತೀರಿ? "ಎಷ್ಟು ಮ್ಯಾಚ್ ಗೆದ್ದ ನೋಡಿ" ಅಂತ ತಾನೇ? ನಾನೂ ಹಾಗೇ ಹೇಳ್ತಿದ್ದೆ. ಹಾಗೆ ಹೇಳಿಯೇ ಒಬ್ಬ ತಮ್ಮನ ಮನಸ್ಸು ಮುರಿದೆ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ನಮ್ಮ ರಾಹುಲ್ ದ್ರಾವಿಡ್ ಅವರನ್ನ ತಗೊಳ್ಳಿ. 2007ರ ವಿಶ್ವಕಪ್‌ನಲ್ಲಿ ಅವರು ಕ್ಯಾಪ್ಟನ್. ವೆಸ್ಟ್ ಇಂಡೀಸಿನಲ್ಲಿ ಬಾಂಗ್ಲಾದೇಶ, ಶ್ರೀಲಂಕಾ ಎದುರು ಸೋತು ಭಾರತ ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಅದೇ ವರ್ಷ ಅದೇ ದ್ರಾವಿಡ್ ಕ್ಯಾಪ್ಟನ್ ಆಗಿ 21 ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ ಗೆದ್ದರು. 2008ರಲ್ಲಿ ಆರ್‌ಸಿಬಿ ಕ್ಯಾಪ್ಟನ್: 14 ಮ್ಯಾಚ್, 4 ಗೆಲುವು, 8 ತಂಡಗಳಲ್ಲಿ 7ನೇ ಸ್ಥಾನ. 2023ರಲ್ಲಿ ಕೋಚ್ ಆಗಿ ಸತತ 10 ಗೆಲುವು, ಫೈನಲ್‌ನಲ್ಲಿ ಸೋಲು. 2024ರ ಜೂನ್ 29ರಂದು, ಮತ್ತೆ ಅದೇ ವೆಸ್ಟ್ ಇಂಡೀಸಿನಲ್ಲಿ, ಟಿ20 ವಿಶ್ವಕಪ್ ಅವರ ಕೈಯಲ್ಲಿ.

ಆ ಫೈನಲ್ ನೀವೂ ನೋಡಿರ್ತೀರಿ. ದಕ್ಷಿಣ ಆಫ್ರಿಕಾಕ್ಕೆ ಕೊನೆ ಓವರಿನಲ್ಲಿ 16 ರನ್ ಬೇಕಿತ್ತು. ಮೊದಲ ಬಾಲಿಗೇ ಮಿಲ್ಲರ್ ಎತ್ತಿ ಹೊಡೆದರು, ಸೂರ್ಯಕುಮಾರ್ ಬೌಂಡರಿ ಗೆರೆಯಲ್ಲಿ ಹಿಡಿದರು. ಭಾರತ ಗೆದ್ದಿದ್ದು 7 ರನ್‌ಗಳಿಂದ. ಆ ಕಾಲು ಸ್ವಲ್ಪ ಜಾರಿ ಗೆರೆ ಮುಟ್ಟಿದ್ದರೆ ಅದು ಸಿಕ್ಸರ್. ಆಗ ಮೈದಾನದ ಹೊರಗಿದ್ದ ದ್ರಾವಿಡ್ ಕೆಟ್ಟ ಕೋಚ್ ಆಗಿಬಿಡ್ತಿದ್ದರಾ? ಅವರು ಕಲಿಸಿದ್ದು, ಕಷ್ಟಪಟ್ಟಿದ್ದು ಅಷ್ಟೇ ಇರ್ತಿತ್ತು. ಬರೆದುಕೊಳ್ಳೋ ಪುಸ್ತಕ ಮಾತ್ರ ಬೇರೆ ಆಗ್ತಿತ್ತು.

ವಿರಾಟ್ ಕೊಹ್ಲಿ? ಕ್ಯಾಪ್ಟನ್ ಆಗಿ 68 ಟೆಸ್ಟ್‌ಗಳಲ್ಲಿ 40 ಗೆದ್ದವರು ಅವರೇ. ಆರ್‌ಸಿಬಿ ಕ್ಯಾಪ್ಟನ್ ಆಗಿ ಒಂದೂ ಕಪ್ ಗೆಲ್ಲದವರೂ ಅವರೇ. 2016ರಲ್ಲಿ 973 ರನ್ ಹೊಡೆದರು, ಫೈನಲ್ 8 ರನ್‌ನಿಂದ ಹೋಯ್ತು. 2025ರಲ್ಲಿ ಆರ್‌ಸಿಬಿ 6 ರನ್‌ನಿಂದ ಕಪ್ ಗೆದ್ದಾಗ ಕ್ಯಾಪ್ಟನ್ ರಜತ್ ಪಾಟೀದಾರ್. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನೋ ಒಬ್ಬ ಹುಡುಗನ ಹೆಸರಿಗೇ ತಂಡದ ಗೆಲುವು ಸೋಲು ಬರೀತಾರಂತೆ. ಎದುರಿನ ತಂಡ ದಾಳಿ ಮಾಡುವಾಗ ಅವನು ಹೊರಗೆ ಬೆಂಚಿನ ಮೇಲೆ ಕೂತಿರ್ತಾನೆ! ಆದರೂ ಸೋಲು ಅವನದು.

ನಾನು ಮೊದಲು ಸಮೀರವಾಡಿಯಲ್ಲಿ ಯೌವನಸ್ಥರ ಸೇವೆ ಮಾಡ್ತಿದ್ದೆ. ಅಲ್ಲಿನ ಸಕ್ಕರೆ ಕಾರ್ಖಾನೆಗೆ ಸುತ್ತಲಿನ ಎಷ್ಟೋ ಹೊಲಗಳಿಂದ ಕಬ್ಬು ಬರುತ್ತೆ. ಎಲ್ಲಾ ಒಂದೇ ಗಾಣಕ್ಕೆ ಬಿದ್ದು ಒಂದೇ ರಸ ಆಗುತ್ತೆ. ರಿಕವರಿ, ಅಂದ್ರೆ ನೂರು ಕೆಜಿ ಕಬ್ಬಿಗೆ ಎಷ್ಟು ಸಕ್ಕರೆ ಬಂತು ಅನ್ನೋದು, ಇಡೀ ಕಾರ್ಖಾನೆಯ ಲೆಕ್ಕ. ಅದನ್ನ ನೋಡಿ ಇಂಥ ರೈತನ ಕಬ್ಬು ಸಿಹಿ, ಇಂಥವನದು ಸಪ್ಪೆ ಅಂತ ಹೇಳೋಕಾಗಲ್ಲ. ಕಡಿದ ಕಬ್ಬು ಗಾಡಿಯಲ್ಲೇ ಒಣಗಿದರೆ ಸಕ್ಕರೆ ಅಂಶ ಇಳಿಯುತ್ತೆ. ಅದಕ್ಕೆ ಬೆಳೆದವನು ಏನು ಮಾಡ್ಯಾನು?

ಇದು ಗೊತ್ತಿದ್ದೂ ನಾನು ತಪ್ಪು ಮಾಡಿದೆ. ಅಕ್ಕಪಕ್ಕದ ಊರುಗಳ ಸಭೆಯ ಹುಡುಗರು ಸೇರಿ ಟೆನ್ನಿಸ್ ಬಾಲ್ ಕ್ರಿಕೆಟ್ ಆಡ್ತಿದ್ದರು. ನಮ್ಮ ತಂಡ ಮೂರು ಮ್ಯಾಚ್ ಸೋತಿತು. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಕ್ಯಾಪ್ಟನ್‌ನ ಬದಲಾಯಿಸಿದೆ. ಆ ತಮ್ಮ ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಆಮೇಲೆ ತಿಳೀತು, ಅವನ ಇಬ್ಬರು ಬೌಲರುಗಳು ಆ ಹಂಗಾಮಿನಲ್ಲಿ ರಾತ್ರಿಯೆಲ್ಲಾ ಕಬ್ಬಿನ ಟ್ರ್ಯಾಕ್ಟರ್ ಹೊಡೆದು, ನಿದ್ದೆ ಇಲ್ಲದೆ ಬಂದು ಬಾಲ್ ಹಾಕ್ತಿದ್ದರು. ಅವರನ್ನ ಬೈಯದೆ ಆಡಿಸ್ತಿದ್ದವನು ಇವನೇ.

ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನು ಅಂದ: "ಸೋತಿದ್ದಕ್ಕ ನಂಗ ಬ್ಯಾಸರ ಇಲ್ರಿ ಪಾಸ್ಟರ್. ನೀವು ಒಂದ ಮ್ಯಾಚ್ ಸುದ್ದಾ ನೋಡಾಕ ಬರ್ಲಿಲ್ಲ. ಎಷ್ಟ್ ಗೆದ್ದಿ, ಎಷ್ಟ್ ಸೋತಿ ಅಂತ ಅಷ್ಟ ಕೇಳಿದ್ರಿ."

ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ವಿಮೋಚನಕಾಂಡ 17 ನೆನಪು ಮಾಡಿಕೊಳ್ಳಿ. ಅಮಾಲೇಕ್ಯರ ಮೇಲಿನ ಗೆಲುವು ಯೆಹೋಶುವನ ಹೆಸರಿಗೆ. ಆದರೆ ಬೆಟ್ಟದ ಮೇಲೆ ಸಂಜೆವರೆಗೂ ಮೋಶೆಯ ಕೈಗಳನ್ನ ಹಿಡಿದು ನಿಂತವರು ಆರೋನ, ಹೂರ. ಆಯಿ ಪಟ್ಟಣದ ಸೋಲೂ ಯೆಹೋಶುವನ ಕಾಲದ್ದೇ, 36 ಜನ ಸತ್ತರು. ಕಾರಣ ಆಕಾನನ ಗುಡಾರದಲ್ಲಿ ಹೂತಿತ್ತು. ಒಬ್ಬನ ಗೆಲುವಿನಲ್ಲಿ ಬೇರೆಯವರ ಕೈ, ಒಬ್ಬನ ಸೋಲಿನಲ್ಲಿ ಬೇರೆಯವನ ಪಾಪ.

ಹಾಗಾದರೆ ಸ್ಕೋರ್ ನೋಡಲೇಬಾರದಾ ಅಂತ ಕೇಳ್ತೀರಿ. ನೋಡಬೇಕು. 3 ಮ್ಯಾಚ್ ಹೇಳದೇ ಇರೋದನ್ನ 68 ಮ್ಯಾಚ್ ಸ್ವಲ್ಪ ಹೇಳುತ್ತೆ. ಸೋತವನು ಪ್ರತಿ ಸಲ ಬೇರೆಯವರನ್ನ ತೋರಿಸೋದೂ ಸರಿಯಲ್ಲ. ತಲಾಂತನ್ನ ಹೂತಿಟ್ಟವನನ್ನ ಯಜಮಾನ ಬಿಡಲಿಲ್ಲ. ಆದರೆ ಯೆಹೋಶುವ ಏನು ಮಾಡಿದ? ಸೋಲು ಕಂಡ ಕೂಡಲೇ ಯಾರಿಗೂ ಶಿಕ್ಷೆ ಕೊಡಲಿಲ್ಲ. ಮೊದಲು ದೇವರ ಮುಂದೆ ಬಿದ್ದ, ಆಮೇಲೆ ಕುಲ ಕುಲವಾಗಿ, ಮನೆ ಮನೆಯಾಗಿ ಹುಡುಕಿದ. ಸೋಲು ಅವನಿಗೆ ಪ್ರಶ್ನೆಯಾಗಿತ್ತು. ನಾನು ಅದನ್ನೇ ತೀರ್ಪು ಮಾಡಿಕೊಂಡೆ.

ಇನ್ನೊಂದು ನೋಡಿ. ಐದು ತಲಾಂತು ಸಂಪಾದಿಸಿದವನನ್ನೂ ಎರಡು ಸಂಪಾದಿಸಿದವನನ್ನೂ ಯಜಮಾನ ಒಂದೇ ಮಾತಿನಲ್ಲಿ ಮೆಚ್ಚಿದ. ಕೈಗೆ ಕೊಟ್ಟಿದ್ದೆಷ್ಟು ಅಂತ ಅವನಿಗೆ ಗೊತ್ತಿತ್ತು.

ನಾಳೆ ಸೋಮವಾರ. ನಿಮ್ಮಲ್ಲಿ ಕೆಲವರು ಆಫೀಸಿನಲ್ಲಿ ಟೀಮ್ ಲೀಡ್, ಬೇರೆಯವರಿಗೆ ರೇಟಿಂಗ್ ಕೊಡ್ತೀರಿ. ಕೆಲವರಿಗೆ ಇಡೀ ಟೀಮಿನ ಸೋಲು ತಲೆ ಮೇಲೆ ಬಿದ್ದಿರುತ್ತೆ. ಬೇರೆಯವರ ಮೇಲೆ ತೀರ್ಪು ಕೊಡೋ ಮುಂಚೆ ಕೇಳಿ: ಇವನ ಕೈಯಲ್ಲಿ ಇದ್ದಿದ್ದೇನು? ಅದರಿಂದ ಇವನು ಏನು ಮಾಡಿದ? ನಾನು ಹೋಗಿ ನೋಡಿದೀನಾ? ನಿಮ್ಮನ್ನ ನೀವೇ ಅಳೆಯುವಾಗಲೂ ಇದನ್ನೇ ಕೇಳಿಕೊಳ್ಳಿ.

ಆ ತಮ್ಮ ಮತ್ತೆ ಸಭೆಗೆ ಬರೋಕೆ ಬಹಳ ತಿಂಗಳು ಹಿಡೀತು. ಕ್ಯಾಪ್ಟನ್ ಆಗು ಅಂದಾಗ ಬೇಡ ಅಂದ. ಈಗ ಅವನು ಆಡುವಾಗ ನಾನು ಹೋದರೆ ಗೆರೆ ಹೊರಗೆ ಕೂತು ಪೂರ್ತಿ ಮ್ಯಾಚ್ ನೋಡ್ತೀನಿ. ಸ್ಕೋರ್ ಕೇಳಲ್ಲ.

ದೇವರು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.