ಕೆಟ್ಟ ಮೇಲೆ ಬಂದ ಬುದ್ಧಿ

'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಎಂಬ ಗಾದೆ ನಮಗೆಲ್ಲ ಗೊತ್ತು. ಆ ಗಾದೆಯನ್ನೇ ಐದು ಅಂಕಗಳಲ್ಲಿ ಕಾಣಬೇಕಾದರೆ ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ಓದಬೇಕು. 1605-06ರ ಸುಮಾರಿಗೆ ರಚಿತವಾದ ಈ ದುರಂತ ನಾಟಕ ಕನ್ನಡಿಗರಿಗೆ ಹೊಸದೇನಲ್ಲ. ಎಂ. ಎಸ್. ಪುಟ್ಟಣ್ಣನವರು ಇದನ್ನು 'ಹೇಮಚಂದ್ರರಾಜ ವಿಲಾಸ'ವಾಗಿ ರೂಪಾಂತರಿಸಿದರು. ಮಾಸ್ತಿಯವರು 'ಲಿಯರ್ ಮಹಾರಾಜ' ಎಂದು ಅನುವಾದಿಸಿದರು.

ಎಂಬತ್ತು ದಾಟಿದ ದೊರೆ ತನ್ನ ಮೂವರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲು ಹೊರಡುತ್ತಾನೆ. ಯಾರಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ತುಂಬಿದ ಸಭೆಯಲ್ಲಿ ಕೇಳುತ್ತಾನೆ. ಹಿರಿಯರಿಬ್ಬರು ಬಾಯ್ತುಂಬ ಹೊಗಳಿ ರಾಜ್ಯ ಪಡೆಯುತ್ತಾರೆ. ಮಗಳ ಕರ್ತವ್ಯಕ್ಕೆ ತಕ್ಕಷ್ಟು ಪ್ರೀತಿಯಿದೆ ಎಂದ ಕಿರಿಯ ಮಗಳು ಕಾರ್ಡೀಲಿಯಾಳಿಗೆ ಸಿಕ್ಕಿದ್ದು ಶಾಪ. ಮುಂದೆ ಆ ಹಿರಿಯ ಮಕ್ಕಳೇ ಅವನ 100 ಮಂದಿ ಪರಿವಾರವನ್ನು 50ಕ್ಕೆ, 25ಕ್ಕೆ ಇಳಿಸಿ, ಕೊನೆಗೆ ಒಬ್ಬನೂ ಬೇಡವೆನ್ನುತ್ತಾರೆ. ಮುದುಕ ಬಿರುಗಾಳಿಯ ರಾತ್ರಿಯಲ್ಲಿ ಬಯಲಿಗೆ ಬೀಳುತ್ತಾನೆ. ಅಲ್ಲಿ ಅವನ ಬುದ್ಧಿ ಕೆಡುತ್ತದೆ.

ಹುಚ್ಚು ಹಿಡಿದ ಮೇಲೆಯೇ ಲಿಯರನ ಕಣ್ಣು ತೆರೆಯಿತು ಎಂದು ಹೇಳುವುದುಂಟು. ಅದರಲ್ಲಿ ಸ್ವಲ್ಪ ನಿಜವಿದೆ. ನ್ಯಾಯಾಧೀಶನನ್ನೂ ಕಳ್ಳನನ್ನೂ ಅದಲುಬದಲು ಮಾಡಿದರೆ ಯಾರು ಯಾರೆಂದು ಗುರುತು ಸಿಕ್ಕೀತೇ ಎಂದು ಕೇಳುವ ಧೈರ್ಯ ಅವನಿಗೆ ಬಂದದ್ದು ಹುಚ್ಚಿನಲ್ಲೇ.

ಆದರೆ ಮೂರನೆಯ ಅಂಕವನ್ನು ನಿಧಾನವಾಗಿ ಓದಿ ನೋಡಿ. ಮಳೆಯಲ್ಲಿ ಒಂದು ಗುಡಿಸಲು ಸಿಗುತ್ತದೆ. ದೊರೆ ತಾನು ಒಳಗೆ ನುಗ್ಗುವುದಿಲ್ಲ. ಜೊತೆಗಿದ್ದ ಬಡಪಾಯಿ ವಿದೂಷಕನನ್ನು ಮೊದಲು ಒಳಗೆ ಕಳಿಸುತ್ತಾನೆ. ಸೂರಿಲ್ಲದವರ ಚಿಂತೆ ತನಗೆ ಆಳುವಾಗ ಬರಲಿಲ್ಲವಲ್ಲ ಎಂದು ಮರುಗುತ್ತಾನೆ. ಆಗಿನ್ನೂ ಅವನ ಬುದ್ಧಿ ಪೂರ್ತಿ ಕೆಟ್ಟಿಲ್ಲ. ಮರುಕ್ಷಣವೇ ಒಬ್ಬ ಅರೆಬೆತ್ತಲೆ ಭಿಕ್ಷುಕ ಎದುರಾಗುತ್ತಾನೆ. ಲಿಯರನ ಮನಸ್ಸು ಮುರಿಯುತ್ತದೆ. ಈಗ ಅವನು ಕೇಳುವುದೇನು? ನೀನೂ ಎಲ್ಲವನ್ನೂ ಹೆಣ್ಣುಮಕ್ಕಳಿಗೆ ಕೊಟ್ಟು ಹೀಗಾದೆಯಾ ಎಂದು! ಪರರ ನೋವು ಕಂಡಿದ್ದ ಕಣ್ಣಿಗೆ ಮತ್ತೆ ತನ್ನದೇ ನೋವು ಕಾಣುತ್ತದೆ. ಇನ್ನು, ಅವನು ಕಾರ್ಡೀಲಿಯಾಳ ಮುಂದೆ ಮಂಡಿಯೂರಲು ಹೋಗಿ ಕ್ಷಮೆ ಕೇಳುವುದು ನಿದ್ರೆ, ಆರೈಕೆಗಳಿಂದ ಹುಚ್ಚು ಇಳಿದ ಮೇಲೆ.

ಹಾಗಾದರೆ ಹುಚ್ಚು ಕಳಚಿದ್ದು ಸಂಕೋಚವನ್ನು ಮಾತ್ರ. ವಿವೇಕ ಹುಟ್ಟಿದ್ದು 'ಮೊದಲು ನೀನು' ಎಂದ ಆ ಗಳಿಗೆಯಲ್ಲಿ. ಮನೆಯಲ್ಲಿ ಹಿರಿಯರ ಮನಸ್ಸು ಮಸುಕಾಗುವುದನ್ನು ಕಂಡವರಿಗೆ ಈ ವ್ಯತ್ಯಾಸ ಮುಖ್ಯ. ಅದನ್ನು ತಪಸ್ಸೆಂದು ಕೊಂಡಾಡಿದರೆ ಅವರಿಗೆ ಬೇಕಾದ ಆರೈಕೆ ತಪ್ಪೀತು.

ಬಂದ ಬುದ್ಧಿಯಿಂದ ಕಳೆದದ್ದು ಮರಳಿತೇ? ಇಲ್ಲ. ಕಾರ್ಡೀಲಿಯಾಳನ್ನು ಸೆರೆಮನೆಯಲ್ಲಿ ನೇಣಿಗೆ ಹಾಕುತ್ತಾರೆ. ಅವಳ ಶವವನ್ನು ಎತ್ತಿಕೊಂಡು ಬಂದ ತಂದೆ ಅಲ್ಲೇ ಪ್ರಾಣ ಬಿಡುತ್ತಾನೆ. ಈ ಅಂತ್ಯವನ್ನು ಸಹಿಸಲಾಗದೆ ನಾಹಮ್ ಟೇಟ್ ಎಂಬಾತ 1681ರಲ್ಲಿ ನಾಟಕವನ್ನು ಸುಖಾಂತವಾಗಿ ತಿದ್ದಿದ. ಇಂಗ್ಲಿಷ್ ರಂಗಭೂಮಿಯಲ್ಲಿ ಸುಮಾರು 150 ವರ್ಷ ಆ ಸುಖಾಂತವೇ ನಡೆಯಿತು.

ನಾಟಕವನ್ನು ತಿದ್ದಬಹುದು, ಬಾಳನ್ನು ಹಾಗೆ ತಿದ್ದಲಾಗದು. ನಮ್ಮನ್ನು ಹೊಗಳದೆ ನಿಜ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತಿಗೆ ಕಿವಿಗೊಡಲು ಬಿರುಗಾಳಿ ಬರುವವರೆಗೆ ಕಾಯಬೇಕೇ? ಒಲೆ ಉರಿಯಬೇಕಾದದ್ದು ಅಡುವ ಹೊತ್ತಿನಲ್ಲಿ.