ಓದದೆ ಹಾಕಿದ ಸಹಿ

‘ಪ್ರಶ್ನೆಯನ್ನು ಪೂರ್ತಿ ಓದಿ, ಆಮೇಲೆ ಉತ್ತರ ಬರೆಯಿರಿ’ ಎಂದು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದವಳು ನಾನು. ಆದರೆ ಅಪ್ಪ ತೀರಿಕೊಂಡ ವರ್ಷ, ನೋಂದಣಿ ಕಚೇರಿಯಲ್ಲಿ ಅಣ್ಣ ಮುಂದಿಟ್ಟ ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಾಲೂ ಓದದೆ ಸಹಿ ಹಾಕಿದೆ. ಶಾಲೆಗೆ ಹೊತ್ತಾಗಿತ್ತು. ತಂಗಿ ಕಾಗದ ಎತ್ತಿಕೊಂಡು ಓದಹೊರಟಾಗ ‘ಅಣ್ಣನ ಮೇಲೆ ಅಷ್ಟೂ ನಂಬಿಕೆ ಇಲ್ಲವೇನೆ?’ ಎಂದು ಗದರಿದವಳೂ ನಾನೇ. ಹೊಲ ಮಾತ್ರ ಎಂದುಕೊಂಡಿದ್ದೆವು. ಮನೆಯೂ ಅದರಲ್ಲಿ ಸೇರಿತ್ತೆಂದು ತಿಳಿದದ್ದು ಆಮೇಲೆ.

ಮೊನ್ನೆ ರಜೆಗೆ ಬಂದ ಮಗ ಅಮೆರಿಕದ ಕಪ್ಪು ಜನಾಂಗದ ಗಾಯಕ ಓಟಿಸ್ ರೆಡ್ಡಿಂಗ್ ಅವರ ಹಾಡು ಹಾಕಿದ. ಆ ಹಾಡುಗಳನ್ನು ಮುದ್ರಿಸಿದ ಸ್ಟ್ಯಾಕ್ಸ್ ಕಂಪನಿಯ ಕಥೆ ಕೇಳಿ ನನ್ನ ಹಳೆಯ ಸಹಿ ನೆನಪಾಯಿತು.

ಮೆಂಫಿಸ್ ನಗರದ ಬ್ಯಾಂಕ್ ನೌಕರ ಜಿಮ್ ಸ್ಟೀವರ್ಟ್ 1957ರಲ್ಲಿ ಈ ಕಂಪನಿ ಶುರುಮಾಡಿದ. ಅಕ್ಕ ಎಸ್ಟೆಲ್ ಆ್ಯಕ್ಸ್‌ಟನ್ ಒಂದು ಕಾಲದಲ್ಲಿ ನನ್ನಂತೆಯೇ ಶಾಲಾ ಶಿಕ್ಷಕಿ. ತಮ್ಮನಿಗೆ ಧ್ವನಿಮುದ್ರಣ ಯಂತ್ರ ಬೇಕೆಂದಾಗ ಗಂಡನನ್ನು ಒಪ್ಪಿಸಿ ತನ್ನ ಮನೆಯನ್ನೇ ಅಡವಿಟ್ಟಳು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿದರೆ ‘ಸ್ಟ್ಯಾಕ್ಸ್’. ಹಳೆಯ ಸಿನಿಮಾ ಮಂದಿರವೇ ಸ್ಟುಡಿಯೋ. ಅದರ ತಿಂಡಿ ಮಾರುವ ಜಾಗದಲ್ಲಿ ಎಸ್ಟೆಲ್ ರೆಕಾರ್ಡ್ ಅಂಗಡಿ ಇಟ್ಟು, ಕೇರಿಯ ಹುಡುಗರಿಗೆ ಹೊಸ ಹಾಡು ಕೇಳಿಸಿ ಅಭಿಪ್ರಾಯ ಕೇಳುತ್ತಿದ್ದಳು. ಕಪ್ಪು ಬಿಳಿಯರು ಒಟ್ಟಿಗೆ ಕೂತು ಉಣ್ಣುವುದೇ ಕಷ್ಟವಾಗಿದ್ದ ಆ ಊರಿನಲ್ಲಿ ಅವರು ಒಟ್ಟಿಗೆ ನುಡಿಸಿದರು.

ಹಂಚಿಕೆಯ ಕೆಲಸ ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿಯದು. ಮೊದಲೆಲ್ಲ ಬಾಯಿಮಾತಿನ ವ್ಯವಹಾರ. 1965ರಲ್ಲಿ ಕರಾರುಪತ್ರ ಬಂದಾಗ ಸ್ಟೀವರ್ಟ್ ಅದನ್ನು ಸರಿಯಾಗಿ ಓದದೆ ಸಹಿ ಹಾಕಿದ. 1967ರ ಡಿಸೆಂಬರಿನಲ್ಲಿ ರೆಡ್ಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 26. ಅಟ್ಲಾಂಟಿಕ್ ಪರರ ಪಾಲಾದ ಮೇಲೆ ಗೊತ್ತಾಯಿತು: ಅವರು ಹಂಚಿದ ಅಷ್ಟೂ ಹಾಡುಗಳ ಮೂಲ ಮುದ್ರಿಕೆಗಳ ಒಡೆತನ ಅಟ್ಲಾಂಟಿಕ್‌ನದೇ! ಸತ್ತವನ ಹಾಡೂ ಮನೆಯಲ್ಲಿ ಉಳಿಯಲಿಲ್ಲ.

ತಪ್ಪು ಯಾರದು? ಓದದವನದೇ ಎನ್ನುತ್ತದೆ ಕಾನೂನು. ಹಾಗಾದರೆ ನಂಬುವುದೇ ತಪ್ಪೆ? ಎಸ್ಟೆಲ್ ನಂಬದಿದ್ದರೆ ಆ ಕಂಪನಿಯೇ ಹುಟ್ಟುತ್ತಿರಲಿಲ್ಲ. ಆದರೆ ಅಕ್ಕ ಕಣ್ಣು ಬಿಟ್ಟುಕೊಂಡು ಅಡವಿಟ್ಟಳು, ತಮ್ಮ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ. ಕಣ್ಣು ಮುಚ್ಚುವುದನ್ನು ನಾವು ನಂಬಿಕೆ ಎಂದು ಕರೆಯುತ್ತೇವೆ. ಎಷ್ಟೋ ಸಲ ಅದು ಸೋಮಾರಿತನ, ಇಲ್ಲವೆ ‘ಇವಳಿಗೆ ಅನುಮಾನ’ ಎಂದಾರೆಂಬ ಸಂಕೋಚ.

ಆ ಷರತ್ತು ತಮಗೂ ತಿಳಿದಿರಲಿಲ್ಲವೆಂದು ಅಟ್ಲಾಂಟಿಕ್‌ನ ಜೆರ್ರಿ ವೆಕ್ಸ್ಲರ್ ಮುಂದೆ ಹೇಳಿದರು. ಇರಲಿ. ತಿಳಿಯದೆ ಪಡೆದದ್ದು ತಪ್ಪಲ್ಲದಿರಬಹುದು, ತಿಳಿದ ಮೇಲೂ ಇಟ್ಟುಕೊಳ್ಳುವುದು? ಹೊಸ ಒಡೆಯರು ಹಾಡುಗಳನ್ನು ಹಿಂದಿರುಗಿಸಲಿಲ್ಲ.

ಸ್ಟ್ಯಾಕ್ಸ್ ಮತ್ತೆ ಎದ್ದಿತು. ಆಲ್ ಬೆಲ್ ಅವರ ಮುಂದಾಳುತನದಲ್ಲಿ 1969ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಲ್ಬಂಗಳನ್ನು ಒಟ್ಟಿಗೆ ಹೊರತಂದು, 1975ರ ಕೊನೆಗೆ ಸಾಲದಲ್ಲಿ ಮುಳುಗಿತು. 1989ರಲ್ಲಿ ಕಟ್ಟಡವನ್ನೂ ಕೆಡವಿದರು. ಅದೇ ಜಾಗದಲ್ಲಿ 2003ರಲ್ಲಿ ವಸ್ತುಸಂಗ್ರಹಾಲಯ ಎದ್ದಿತು.

ಇಷ್ಟೆಲ್ಲ ಕೇಳಿ ನಾನು ಸ್ಟೀವರ್ಟ್‌ಗಾಗಿ ಮರುಗುತ್ತಿದ್ದಾಗ ಮಗ ಕೇಳಿದ: ‘ಅಮ್ಮಾ, ಹಾಡಿದವರದೇನು? ಮೊದಲೂ ಆ ಮುದ್ರಿಕೆ ಕಂಪನಿಯದೇ, ಅವರದಲ್ಲವಲ್ಲ?’ ಆ ಕಾಲದ ರೂಢಿಯೇ ಹಾಗೆ. ಕೊರಳು ಒಬ್ಬರದು, ಒಡೆತನ ಇನ್ನೊಬ್ಬರದು. ಕಳೆದುಕೊಂಡವನ ಕೈಯಲ್ಲೂ ಪರರ ಪಾಲಿತ್ತು.

ಆ ಮಾತು ನನಗೂ ತಾಗಿತು. ನನ್ನ ನಷ್ಟವನ್ನಷ್ಟೇ ಎಣಿಸುತ್ತಿದ್ದೆ. ತಂಗಿಯ ಓದುವ ಹಕ್ಕನ್ನು ನಾನೇ ಅಂದು ಕಸಿದುಕೊಂಡಿದ್ದೆನಲ್ಲ! ಕಳೆದ ಭಾನುವಾರ ಅವಳ ಮನೆಗೆ ಹೋಗಿ ಹಾಗೆಯೇ ಹೇಳಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

‘ನೀನು ಗದರದಿದ್ದರೂ ನಾನು ಸಹಿ ಹಾಕುತ್ತಿದ್ದೆ, ಅಕ್ಕ. ಆದರೆ ಓದಿ ಹಾಕುತ್ತಿದ್ದೆ. ಆಗ ಅದು ನಾನು ಕೊಟ್ಟದ್ದಾಗುತ್ತಿತ್ತು’ ಎಂದಳು.